ಮೊದಲು ಕೂರುವ ಮನುಷ್ಯ

ಬೆಳಗಿನ ಐದೂವರೆ. ಗೋದಾಮಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಐವತ್ತನಾಲ್ಕು ವರ್ಷದ ಮನುಷ್ಯರೊಬ್ಬರು ಇಪ್ಪತ್ತು ಕಿಲೋ ಮರಳಿನ ಚೀಲವನ್ನು ಎದೆಗವಚಿಕೊಂಡು ಬಿಳಿ ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಕೂರುತ್ತಾರೆ. ಉಸಿರು ಬಿಗಿಹಿಡಿದು ಕಿವಿಗೊಡುತ್ತಾರೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲುತ್ತಾರೆ. ಏಳುತ್ತಾರೆ. ಮುಂದಿನ ಕುರ್ಚಿ. ಇವತ್ತು ಹೀಗೆ ಮುನ್ನೂರ ಇಪ್ಪತ್ತು ಕುರ್ಚಿಗಳಲ್ಲಿ ಕೂತು ಏಳಬೇಕು.

ಬೀದಿಯವರು ಇವರಿಗಿಟ್ಟ ಹೆಸರು ಕೂತೆದ್ದಣ್ಣ. ಸಮಾರಂಭಗಳಿಗೆ ಕುರ್ಚಿ ಬಾಡಿಗೆಗೆ ಕೊಡುವುದು ಕಸುಬು. ಶಾಲೆಯಲ್ಲಿ ತಪ್ಪಿಸಿಕೊಂಡ ಬಸ್ಕಿಗಳನ್ನೆಲ್ಲ ಈಗ ಹೊಡೆಯುತ್ತಿದ್ದಾರೆ ಎಂದು ಎದುರಿನ ಟೀ ಅಂಗಡಿಯವರು ಛೇಡಿಸುತ್ತಾರೆ. ದಿನವೂ ಇವರು ನಗುತ್ತಾರೆ. ಇವತ್ತು ನಗು ಬರುತ್ತಿಲ್ಲ. ಅಂಗೈ ಬೆವರಿ, ಮರಳಿನ ಚೀಲದ ಮೇಲೆ ಒದ್ದೆ ಗುರುತು ಬಿದ್ದಿದೆ.

ಭಯಕ್ಕೆ ಆರು ವರ್ಷ ವಯಸ್ಸು. ಒಂದು ಮದುವೆ ಊಟದಲ್ಲಿ ಇವರ ಕುರ್ಚಿಯ ಹಿಂಗಾಲು ಮುರಿಯಿತು. ಅದರಲ್ಲಿ ಕೂತಿದ್ದ ಎಪ್ಪತ್ತೇಳರ ಹಿರಿಯಾಕೆಯ ಸೊಂಟದ ಮೂಳೆಯೂ ಮುರಿಯಿತು. ಎರಡು ಬೇಸಿಗೆ ಗೋದಾಮಿನ ಹಿತ್ತಲಿನ ಬಿಸಿಲಲ್ಲಿ ಒಣಗಿದ್ದ ಕುರ್ಚಿ ಅದು.

"ಎಣಿಸಿ ಕಳಿಸಿದ್ದೆ ಕಣ್ರೀ, ನೋಡಿ ಕಳಿಸಿರಲಿಲ್ಲ," ಎನ್ನುತ್ತಾರೆ. "ಅವರು ಬಿದ್ದ ಸದ್ದು ನಂಗೆ ನೆನಪೇ ಇಲ್ಲ. ಅದಕ್ಕೆ ಮುಂಚೆ ಕುರ್ಚಿ ಕಾಲು 'ಟಕ್' ಅಂದಿತಲ್ಲ, ಅದು ಮಾತ್ರ ಇನ್ನೂ ಕಿವಿಯಲ್ಲೇ ಇದೆ."

ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಮನೆಯಲ್ಲಿ ಮೊಮ್ಮಗಳ ಪೆನ್ಸಿಲ್ ಮುರಿದರೂ ಇವರ ಎದೆ ಝಲ್ಲೆನ್ನುತ್ತದೆ. ಊಟಕ್ಕೆ ನೆಲದ ಮೇಲೇ ಕೂರುತ್ತಾರೆ. ಅಂದಿನಿಂದ ಇವರು ಮೊದಲು ಕೂರದ ಯಾವ ಕುರ್ಚಿಯೂ ಗೋದಾಮಿನ ಹೊಸಿಲು ದಾಟಿಲ್ಲ. ಮೊದಲು ಹೆಬ್ಬೆರಳಿನಿಂದ ಉಜ್ಜುವುದು. ಬೆರಳಿಗೆ ಬಿಳಿ ಪುಡಿ ಅಂಟಿದರೆ ಬಿಸಿಲು ಕುರ್ಚಿಯ ಜೀವ ಹೀರಿದೆ ಎಂದರ್ಥ. ಆಮೇಲೆ ಬೋರಲು ಹಾಕಿ, ಕಾಲು ಕೂಡುವ ಕಡೆ ಕೂದಲೆಳೆಯಂಥ ಬಿರುಕಿದೆಯೇ ಎಂದು ಹುಡುಕುವುದು. ಕೊನೆಗೆ ಕೂರುವುದು. ಸಂಶಯ ಬಂದದ್ದನ್ನು ಗರಗಸದಿಂದ ಎರಡು ತುಂಡು ಮಾಡುತ್ತಾರೆ, ಮರೆತೂ ಅದು ಒಳ್ಳೆಯ ಕುರ್ಚಿಗಳ ಅಟ್ಟಿಗೆ ಮರಳಬಾರದೆಂದು. ಇವತ್ತು ಏಳು ಕುರ್ಚಿಗಳಿಗೆ ಆ ಗತಿಯಾಗಿದೆ. ಇಷ್ಟು ಕೂತೆದ್ದರೆ ಮೊಣಕಾಲು ನೋಯುವುದಿಲ್ಲವೇ ಎಂದು ಕೇಳಿದರೆ, "ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದ್ರು. ಕುರ್ಚಿ ವಿಷಯ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ," ಎನ್ನುತ್ತಾರೆ.

ಹದಿನೈದು ದಿನದ ಹಿಂದೆ ಒಬ್ಬ ಹೆಣ್ಣುಮಗಳು ಬಂದರು. ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ. ನಾಲ್ಕು ತಿಂಗಳಿಂದ ಸಮಾರಂಭದ ಸಿದ್ಧತೆ ಅವರದೇ ತಲೆಯ ಮೇಲಿದೆ. ಯಾರ ಪಕ್ಕ ಯಾರು ಕೂರಬೇಕು, ಯಾರ ಪಕ್ಕ ಯಾರು ಕೂರಲೇಬಾರದು ಎಂಬುದೆಲ್ಲ ಒಂದು ನೋಟ್‌ಪುಸ್ತಕದಲ್ಲಿದೆ. ಕುರ್ಚಿಗೆ ಹೇಳಿ ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಅಣ್ಣಾ, ಅವತ್ತು ನಿಮ್ಮ ಕುರ್ಚಿಯಿಂದ ಬಿದ್ದವರು ನಮ್ಮತ್ತೆ. ಅಪ್ಪನ ಅಕ್ಕ. ಆವತ್ತಿಂದ ಯಾವ ಸಮಾರಂಭಕ್ಕೆ ಹೋದ್ರೂ ಕುರ್ಚಿ ಮುಟ್ಟಲ್ಲ. ಕೋಲೂರಿ ನಿಂತೇ ಇರ್ತಾರೆ. ಅಕ್ಕ ನಿಂತಿದ್ರೆ ನಾನು ಕೂರಲ್ಲ ಅಂತಾರೆ ಅಪ್ಪ. ಅವರಿಗೋ ಹೃದಯದ ತೊಂದರೆ. ಮೂರು ಗಂಟೆ ಹೇಗೆ ನಿಲ್ತಾರೆ?"

ಬೇರೆ ಕಡೆಯಿಂದ ಕುರ್ಚಿ ತರಿಸಿಕೊಳ್ಳಿ ಎಂದು ಕೂತೆದ್ದಣ್ಣ ಕೈಮುಗಿದರು.

"ಬೇರೆಯವರು ಕೂತು ನೋಡಿ ಕಳಿಸ್ತಾರಾ?" ಎಂದರು ಹೆಣ್ಣುಮಗಳು. ಇವರು ಪುಸ್ತಕ ತೆರೆದು ತಾರೀಖು ಬರೆದುಕೊಂಡರು. ಅವತ್ತಿನಿಂದ ಊಟ ಸೇರಿಲ್ಲ ಎಂದು ಹೆಂಡತಿ ದೂರುತ್ತಾರೆ.

ಹನ್ನೊಂದು ಗಂಟೆಗೆ ಸಭಾಂಗಣ ತುಂಬಿದೆ. ಮುಂದಿನ ಸಾಲಿನಲ್ಲಿ ಅತ್ತೆಗೆಂದು ಇಟ್ಟ ಕುರ್ಚಿಯಲ್ಲಿ ಕೂತೆದ್ದಣ್ಣ ಬೆಳಗಿನಿಂದ ನಲವತ್ತು ಸಲವಾದರೂ ಕೂತಿದ್ದಾರೆ. ಅತ್ತೆ ಕೋಲೂರಿಕೊಂಡು ಬರುತ್ತಾರೆ, ಕುರ್ಚಿಯ ಮುಂದೆ ನಿಲ್ಲುತ್ತಾರೆ. ವೇದಿಕೆಯ ಮೇಲೆ ತಮ್ಮನೂ ನಿಂತೇ ಇದ್ದಾರೆ, ಹಣೆಯ ಬೆವರು ಒರೆಸಿಕೊಳ್ಳುತ್ತ. ಮಗಳು ನೋಟ್‌ಪುಸ್ತಕ ಮುಚ್ಚುತ್ತಾರೆ.

"ಕುರ್ಚಿಯವನು ಎಲ್ಲಿ?" ಎನ್ನುತ್ತಾರೆ ಅತ್ತೆ.

ಕಂಬದ ಮರೆಯಲ್ಲಿದ್ದ ಕೂತೆದ್ದಣ್ಣ ಬಂದು ನಿಲ್ಲುತ್ತಾರೆ. ಆರು ವರ್ಷದಿಂದ ಬಾಯಿಪಾಠ ಮಾಡಿಟ್ಟ ಕ್ಷಮೆಯ ಮಾತು ಶುರುಮಾಡುವ ಮೊದಲೇ ಅತ್ತೆ ಕೇಳುತ್ತಾರೆ:

"ಆಸ್ಪತ್ರೆ ಬಾಗಿಲಲ್ಲಿ ದಿನಾ ನಿಂತಿರ್ತಿದ್ದೆಯಲ್ಲ, ಒಳಗೆ ಯಾಕೆ ಬರಲಿಲ್ಲ?"

"ಹೆದರಿಕೆ ಆಯ್ತಮ್ಮ."

"ನಂಗೂ ಆಗುತ್ತೆ," ಎನ್ನುತ್ತಾರೆ ಅತ್ತೆ. ಕೋಲನ್ನು ಇವರ ಕೈಗೆ ಕೊಟ್ಟು, ಕುರ್ಚಿಯ ತೋಳು ಹಿಡಿದು, ನಿಧಾನವಾಗಿ ಕೂರುತ್ತಾರೆ. 'ಟಕ್' ಎಂಬ ಸದ್ದು ಬರುವುದಿಲ್ಲ. ವೇದಿಕೆಯ ಮೇಲೆ ತಮ್ಮ ಕೂರುತ್ತಾರೆ, ಪಕ್ಕದಲ್ಲಿ ಅವರ ಹೆಂಡತಿ.

ಕೂತೆದ್ದಣ್ಣ ಮಾತ್ರ ಅತ್ತೆಯ ಹಿಮ್ಮಡಿಗಳನ್ನೇ ನೋಡುತ್ತಿದ್ದಾರೆ. ಭಯವಿದ್ದವರು ಅರ್ಧ ಭಾರವನ್ನು ಕಾಲಿನ ಮೇಲೇ ಇಟ್ಟುಕೊಂಡಿರುತ್ತಾರೆ. ಹಿಮ್ಮಡಿ ನೆಲಕ್ಕೆ ಒತ್ತಿಕೊಂಡಿರುತ್ತದೆ. ಅತ್ತೆಯದೂ ಹಾಗೇ ಇದೆ. ಮೊದಲ ಭಾಷಣ ಮುಗಿಯುತ್ತದೆ, ಎರಡನೆಯದು ಮುಗಿಯುತ್ತದೆ. ಮೂರನೆಯದರಲ್ಲಿ ತಮ್ಮ ಏನೋ ತಮಾಷೆ ಹೇಳುತ್ತಾರೆ, ಅತ್ತೆ ಬಾಯಿ ತುಂಬ ನಗುತ್ತಾರೆ, ಹಿಮ್ಮಡಿ ನೆಲ ಬಿಡುತ್ತದೆ, ಒಂದು ಕಾಲಿನ ಚಪ್ಪಲಿ ಕಳಚಿ ಬೀಳುತ್ತದೆ. ಕೋಲು ಹಿಡಿದು ನಿಂತಿದ್ದ ಕೂತೆದ್ದಣ್ಣನ ಕಣ್ಣು ತುಂಬುತ್ತದೆ.

ಏನು ಆಸೆ ಉಳಿದಿದೆ ಎಂದು ಯಾರಾದರೂ ಕೇಳಿದರೆ ಇವರು ಹೇಳುವುದು ಇಷ್ಟೇ: "ಮನೆಗೆ ಹೋದ್ಮೇಲೆ ಯಾವ ಕುರ್ಚಿಯಲ್ಲಿ ಕೂತಿದ್ವಿ ಅಂತ ಯಾರಿಗೂ ನೆನಪಿರಬಾರದು."

ಅತ್ತೆ ತಿರುಗಿ ನೋಡುತ್ತಾರೆ. ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿ, "ಎಷ್ಟು ಹೊತ್ತು ನಿಲ್ತೀಯಪ್ಪಾ, ಕೂತ್ಕೋ," ಎನ್ನುತ್ತಾರೆ. ಕೂತೆದ್ದಣ್ಣ ಅಂಚಿನಲ್ಲಿ ಕೂರುತ್ತಾರೆ. ಅತ್ತೆಯ ನೋಟ ಇವರ ಪಾದಗಳತ್ತ ಇಳಿಯುತ್ತದೆ.

"ಪೂರ್ತಿ ಕೂತ್ಕೋ. ನಿನ್ನದೇ ಕುರ್ಚಿ ತಾನೆ?"