ಸೌಂಡು

ಸಂಜೆ ಆರಕ್ಕೆ ದೀಪ ಹಚ್ಚುತ್ತೇನೆ, ಅನ್ನಕ್ಕಿಡುತ್ತೇನೆ, ಆಮೇಲೆ ಬಾಗಿಲಿಗೆ ಚಿಲಕ. ನಿನ್ನೆ ಅದೇ ಹೊತ್ತಿಗೆ ಮಹಡಿಯ ಮೇಲೆ ಯಾರದೋ ಕೈಯಿಂದ ತಗಡಿನ ಡಬ್ಬ ಬಿತ್ತು. ನನ್ನ ಕೈ ಚಿಲಕದ ಮೇಲೇ ನಿಂತುಹೋಯಿತು. ಚಾಮರಾಜನಗರದ ಈ ಬೀದಿಯಲ್ಲಿ ಸೌಂಡು ಎಂದರೆ ಟಿವಿಯದು, ಹಾರ್ನಿನದು. ದುಡ್ಡಿದ್ದವನನ್ನೂ ಸೌಂಡ್ ಪಾರ್ಟಿ ಎನ್ನುತ್ತಾರೆ. ಪುಣಜನೂರಿನ ಕಾಡಂಚಿನಲ್ಲಿದ್ದ ನಮ್ಮ ಮನೆಯಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ಹೊತ್ತು ಮುಳುಗಿದ ಮೇಲೆ ಆನೆಯ ಹೆಸರೆತ್ತುವಂತಿರಲಿಲ್ಲ. ಲಾರಿ ಡ್ರೈವರುಗಳಿಂದ ಅಪ್ಪ ಕಲಿತು ತಂದ ಈ ಮಾತನ್ನೇ ಅದಕ್ಕೆ ಇಟ್ಟಿದ್ದೆವು. 'ಸೌಂಡು' ಎಂದು ಯಾರಾದರೂ ಪಿಸುಗುಟ್ಟಿದರೆ ದೀಪ ಆರಬೇಕು, ಮಾತು ನಿಲ್ಲಬೇಕು. ಮನೆಯವರೆಲ್ಲ ಒಳಗಿದ್ದಾರೆಂದು ಅಜ್ಜಿ ತಲೆ ಮುಟ್ಟಿ ನೋಡಿದ ಮೇಲೆಯೇ ಅಪ್ಪ ತಗಡು ಬಡಿದು ಅದನ್ನು ಓಡಿಸಬೇಕು.

ನನ್ನ ಚಿಕ್ಕಂದಿನ ಒಂದು ಸಂಜೆ ಅವ್ವ ತಪ್ಪಿಸಿಕೊಂಡ ಕರುವನ್ನು ಹುಡುಕಿಕೊಂಡು ಹಳ್ಳದ ಕಡೆ ಹೋಗಿದ್ದಳು. ಹಸಿ ರಾಗಿ ಪೈರಿನ ವಾಸನೆಯ ಜೊತೆಗೆ, ಬೇರು ಸಮೇತ ಅದನ್ನು ಕೀಳುವ ಸದ್ದೂ ಒಳಗೆ ಬಂತು. ಅಜ್ಜಿಯ ಕೈ ಕತ್ತಲಲ್ಲಿ ನನ್ನ ತಲೆ ಮುಟ್ಟಿತು, ಅಪ್ಪನ ತಲೆ ಮುಟ್ಟಿತು, ಆಮೇಲೆ ಗಾಳಿಯಲ್ಲಿ ತಡಕಾಡಿತು.

"ಪೈರೆಲ್ಲ ತಿಂದ್ಬುಡ್ತದೆ ಕಣವ್ವ," ಎಂದ ಅಪ್ಪ ಅಜ್ಜಿಗೆ, ಕೋಲು ಎತ್ತಿಕೊಂಡು.

"ತಿಂದ್ರೆ ತಿನ್ಲಿ ಬುಡು. ನಿನ್ನೆಡ್ತಿ ಇನ್ನೂ ಒಳಕ್ ಬಂದಿಲ್ಲ. ಬಡುದ್ರೆ ಅದು ಹಳ್ಳದ ದಾರೀಲೇ ಓಡೋದು ಕಣ್ಲಾ."

ಅಪ್ಪ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದ. ನಾನು ಅಜ್ಜಿಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಅದರ ಹೊಗೆ ವಾಸನೆ, ಉಪ್ಪುಪ್ಪು ರುಚಿ ಈಗಲೂ ನಾಲಿಗೆಯಲ್ಲಿದೆ. ನಮ್ಮ ವರ್ಷದ ಹಿಟ್ಟು ಹೊರಗೆ ಕಚಕಚನೆ ಮುಗಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಅವ್ವನ ಹೆಜ್ಜೆಯ ಸಪ್ಪಳ ಮಾತ್ರ.

ಆ ಸಪ್ಪಳ ಹಿತ್ತಿಲ ಬಾಗಿಲಲ್ಲಿ ಕೇಳಿತು. ಅಜ್ಜಿ ಅವಳ ತಲೆ ಮುಟ್ಟಿದಳು, ಮತ್ತೊಮ್ಮೆ ಮುಟ್ಟಿದಳು. "ಎಲ್ ಸತ್ತಿದ್ದಮ್ಮಿ? ನಿನ್ ಗಂಡ ಇಲ್ಲಿ ಕೋಲಾಟ ಆಡ್ತಿದ್ದ."

"ಹುಣಸೆ ಮರದ ಮರೇಲಿ ನಿಂತಿದ್ದೆ ಕಣತ್ತೆ. ನಾ ಬರೋಗಂಟ ನೀವು ಬಡಿಯಲ್ಲ ಅಂತ ಗೊತ್ತಿತ್ತು."

ಆಗ ಅಪ್ಪ ತಗಡು ಬಡಿದ. ಪೈರು ಅರ್ಧವೂ ಉಳಿದಿರಲಿಲ್ಲ.

ಆ ಮನೆ ಬಿದ್ದ ಜಾಗದಲ್ಲೀಗ ಲಂಟಾನ ಪೊದೆ ಬೆಳೆದಿದೆ. ಅವರು ಮೂವರೂ ಈಗಿಲ್ಲ. ನಿನ್ನೆ ಡಬ್ಬ ಬಿದ್ದಾಗಲೂ ನಾನು ಮೊದಲು ಹುಡುಕಿದ್ದು ಅವರನ್ನೇ. ಅಜ್ಜಿ, ಅಪ್ಪ, ಅವ್ವ, ಯಾರೂ ಇನ್ನೂ ಒಳಗೆ ಬಂದಿರಲಿಲ್ಲ. ಚಿಲಕ ಹಾಕಲು ತುಸು ಹೊತ್ತು ಹಿಡಿಯಿತು.