ಬೀಗಿತ್ತಿಯ ತಿಥಿಗೆ ನಾನು ಸುಟ್ಟ ಸ್ಟೇಕ್

ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ, ಕೈಗೆ ಗ್ಲೌಸ್ ತೊಟ್ಟು, ಅಳಿಯನ ಅಡುಗೆಮನೆಯಲ್ಲಿ ಸ್ಟೇಕ್ ಎದುರು ನಿಂತಿದ್ದೆ. ಯಾವ ಪ್ರಾಣಿಯದು ಅಂತ ಬಾಯಿಬಿಟ್ಟು ಹೇಳಲಾರೆ, ನಿಮಗೇ ಗೊತ್ತು.

ಹೌದು, ನಾನೇ. ಮೊಟ್ಟೆ ಹಾಕಿದ ಕೇಕ್ ಅಂದರೂ ಮೂಗು ಮುರಿಯುವವಳು.

ಕಳೆದ ಶನಿವಾರದ ಮಾತು. ನಾವಿರುವ ಲಿವೋನಿಯಾದಿಂದ ಡ್ರೈವ್ ಮಾಡಿಕೊಂಡು ಅರೋರಾದ ಮಗಳ ಮನೆಗೆ ಹೋಗಿದ್ದೆವು. ಅಳಿಯ ಮಾತೇಯೋ ಮೆಕ್ಸಿಕನ್ ಮನೆತನದ ಹುಡುಗ, ಹುಟ್ಟಿ ಬೆಳೆದದ್ದೆಲ್ಲ ಅರೋರಾದಲ್ಲೇ. ಅವನ ತಾಯಿ, ಅಂದರೆ ನನ್ನ ಬೀಗಿತ್ತಿ, ತೀರಿಕೊಂಡು ಅವತ್ತಿಗೆ ಒಂದು ವರ್ಷ.

ಅವರ ಮನೆಯಲ್ಲಿ ಆ ದಿನ ಫೋಟೋ ಇಟ್ಟು, ಮೇಣದಬತ್ತಿ ಹಚ್ಚಿ, ಹೋದವರಿಗೆ ಇಷ್ಟವಾದ ಅಡುಗೆ ಮಾಡಿ ಮೊದಲ ತಟ್ಟೆ ಅವರಿಗೆ ಇಡುತ್ತಾರಂತೆ. ಬೀಗಿತ್ತಿಗೆ ಇಷ್ಟ, ನಿಂಬೆರಸದಲ್ಲಿ ನೆನೆಸಿ ಕೆಂಡದ ಮೇಲೆ ಸುಟ್ಟ ಸ್ಟೇಕ್. ಅದನ್ನು ಬಿಸಿ ಟೋರ್ಟಿಯಾದಲ್ಲಿ, ಅಂದರೆ ಅವರ ರೊಟ್ಟಿಯಲ್ಲಿ, ಸುತ್ತಿ ತಿನ್ನಬೇಕು.

ಆಕೆಯ ಕೈರುಚಿ ಬಲ್ಲವನು ಮಗ ಒಬ್ಬನೇ. ಆ ಮಗನ ಬಲಗೈ, ಭುಜದ ಸರ್ಜರಿ ಆಗಿ, ಸ್ಲಿಂಗ್‌ನಲ್ಲಿದೆ.

ನನ್ನ ಮಗಳು ಮೇಘನಾ ನೀರು ಕಾಯಿಸಿದರೂ ಸೀದುಹೋಗುತ್ತದೆ. ರೆಸ್ಟೋರೆಂಟ್‌ನಿಂದ ತರೋಣ ಅಂದಳು. ಮಾತೇಯೋ ತಲೆ ತಗ್ಗಿಸಿದ.

ಆ ತಲೆ ತಗ್ಗಿಸಿದ್ದು ನೋಡಿ ನನ್ನ ಬಾಯಿಂದ ಬಂದೇಬಿಟ್ಟಿತು. "ನೀನು ಕೂತ್ಕೊಂಡು ಹೇಳಪ್ಪ, ನಾನು ಮಾಡ್ತೀನಿ."

ನಮ್ಮವರು ನನ್ನ ಮುಖ ಒಮ್ಮೆ ನೋಡಿದರು. "ನಾನು ಇಲ್ಲಿನ ದೇವಸ್ಥಾನಕ್ಕೆ ಹೋಗಿ ಬಾಲಾಜಿ ದರ್ಶನ ಮಾಡ್ಕೊಂಡು ಬರ್ತೀನಿ" ಎಂದು ಕಾರಿನ ಕೀ ತೆಗೆದುಕೊಂಡು ಹೊರಟೇಹೋದರು. ಜಾಣರು.

ಇನ್ನು ಸ್ನಾನ ಯಾಕೆ ಮಾಡಿದೆ ಅಂತ ಕೇಳಬೇಡಿ. ತಿಥಿ ಅಡುಗೆ ಅಂದ ಕೂಡಲೇ ಕಾಲು ತಾನಾಗಿ ಬಚ್ಚಲಿಗೆ ಹೋಯಿತು.

ಮಾಂಸ ಮುಟ್ಟುವುದಕ್ಕೆ ಮಡಿಯೇ? ಮುಟ್ಟಿದ ಮೇಲೆ ಮತ್ತೊಂದು ಸ್ನಾನವೇ? ಎರಡರ ನಡುವೆ ನಾನು ಮಡಿಯಲ್ಲಿದ್ದೆನೋ ಮೈಲಿಗೆಯಲ್ಲಿದ್ದೆನೋ... ಇವತ್ತಿಗೂ ಬಗೆಹರಿದಿಲ್ಲ.

ಅಳಿಯ ಒಂದೊಂದೇ ಹೇಳುತ್ತಾ ಹೋದ, ಮಗಳು ಕೌಂಟರ್ ಮೇಲೆ ಜೋಡಿಸಿದಳು. ನಿಂಬೆ, ಕಿತ್ತಳೆ, ಜೀರಿಗೆ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ... ಎಲ್ಲ ನಮ್ಮ ಮನೆಯದೇ ಸಾಮಾನು. ಸ್ವಲ್ಪ ಧೈರ್ಯ ಬಂತು.

ಮಾಂಸ ಹಾಕುವ ಮೊದಲು ರಸದ ರುಚಿ ನೋಡಿ ಎಂದ. ನಾನು ಬೇಡ ಅಂದೆ. "ತಿಥಿ ಅಡುಗೆ ರುಚಿ ನೋಡೋ ಹಾಗಿಲ್ಲಪ್ಪ. ಮೊದಲು ಹೋದವರಿಗೆ."

ಅವನಿಗೆ ಅದು ಬಹಳ ಹಿಡಿಸಿತು. ಹಾಗಾದರೆ ನಾನೂ ನೋಡುವುದಿಲ್ಲ ಎಂದ.

ಉಪ್ಪಿನಕಾಯಿಯ ಲೆಕ್ಕದಲ್ಲಿ, ನಾಳೆಯವರೆಗೆ ನೆನೆಯಲಿ ಬಿಡು ಅಂದೆ. ಅವನು ನಕ್ಕ. ಒಂದೆರಡು ಗಂಟೆ ಸಾಕಂತೆ, ಹೆಚ್ಚಾದರೆ ಹುಳಿಗೆ ಮಾಂಸ ಮೆತ್ತಗಾಗಿ ಕೆಡುತ್ತದಂತೆ.

ಸಂಜೆ ಬ್ಯಾಕ್‌ಯಾರ್ಡ್‌ನಲ್ಲಿ ಕೆಂಡ ನಿಗಿನಿಗಿ. ದುಪಟ್ಟಾ ಮೂಗಿಗೆ ಕಟ್ಟಿಕೊಂಡು, ಚಿಮಟದಲ್ಲಿ ಒಂದೊಂದೇ ತುಂಡು ಗ್ರಿಲ್ ಮೇಲೆ ಇಟ್ಟೆ. ಚುಂಯ್ ಅಂತು. ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಿಂತೆ.

ಮಾತೇಯೋ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿ ಹೊಗೆಯ ವಾಸನೆ ತೆಗೆದುಕೊಳ್ಳುತ್ತಿದ್ದಾನೆ. ತಾಯಿಗಾಗಿ ಕಾಯುತ್ತಿದ್ದಾನೆ ಅಂತ ನನಗೆ ಗೊತ್ತಾಗುತ್ತಿದೆ.

ಕಣ್ಣು ಬಿಟ್ಟ. ಮುಖ ಬಾಡಿತ್ತು. "ಇದು ಮಾಮ್ ಅಡುಗೆ ವಾಸನೆ ಅಲ್ಲ" ಎಂದ, ಬಹಳ ಮೆತ್ತಗೆ.

ಎಲ್ಲ ಅವನು ಹೇಳಿದ ಹಾಗೇ ಮಾಡಿದ್ದೇನಲ್ಲ?

ಅಷ್ಟರಲ್ಲಿ ಒಳಗಿನಿಂದ ಮಗಳ ದನಿ. "ಅಮ್ಮ, ಯು ಫರ್ಗಾಟ್ ದ ಗಾರ್ಲಿಕ್."

ಓಡಿಹೋಗಿ ನೋಡಿದರೆ ಬೆಳ್ಳುಳ್ಳಿ ಗಡ್ಡೆ ಸಿಪ್ಪೆಸಮೇತ ಕೌಂಟರಿನ ಮೂಲೆಯಲ್ಲಿ ಕೂತಿದೆ. ಮರೆತದ್ದಲ್ಲ ಕಣ್ರೀ. ತಿಥಿ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಬರಬಾರದು ಅಂತ ಕೈಯೇ ಅದನ್ನು ಆಚೆ ತಳ್ಳಿಬಿಟ್ಟಿತ್ತು. ನನಗೆ ಅದು ಗೊತ್ತೂ ಆಗಿರಲಿಲ್ಲ.

ಅಳಿಯನಿಗೆ ಬಿಡಿಸಿ ಹೇಳಿದೆ. ಅವನು ಹುಬ್ಬೇರಿಸಿದ. "ಬೀಫ್ ಓಕೆ, ಗಾರ್ಲಿಕ್ ನಾಟ್ ಓಕೆ?"

ನನಗೇ ತಲೆಬುಡ ತಿಳಿಯಲಿಲ್ಲ. ನಗು ಬಂತು, ಜೊತೆಗೆ ಅಳುವೂ ಬಂತು.

ಬೀಗಿತ್ತಿಯ ಕಲ್ಲಿನ ಕುಟ್ಟಾಣಿ ತಂದುಕೊಟ್ಟಳು ಮಗಳು. ಇಡೀ ಗಡ್ಡೆ ಬಿಡಿಸಿ, ಉಪ್ಪು ನಿಂಬೆರಸದ ಜೊತೆ ಜಜ್ಜಿ, ಕೆಂಡದ ಮೇಲಿದ್ದ ಮಾಂಸಕ್ಕೆ ಸವರಿದೆ. ತಿಥಿಯ ದಿನ ಬೆಳ್ಳುಳ್ಳಿ ಜಜ್ಜಿದ್ದು ಜೀವಮಾನದಲ್ಲಿ ಅದೇ ಮೊದಲು.

ಘಮ್ಮೆಂದು ಹೊಗೆ ಎದ್ದಿತು. ಮಾತೇಯೋ ಎಡಗೈಯಿಂದ ಮುಖ ಮುಚ್ಚಿಕೊಂಡ. "ಇದೇ" ಎಂದ.

ಮೊದಲ ತಟ್ಟೆ ಫೋಟೋ ಮುಂದೆ ಇಟ್ಟೆವು. ನಮ್ಮ ಕಡೆಯಾದರೆ ಕಾಗೆಗೆ ಕಾಯಬೇಕು. ಇಲ್ಲಿ ಯಾರಿಗೆ ಕಾಯುವುದೋ ತಿಳಿಯದೆ ನಾನು ಕೈಕಟ್ಟಿ ನಿಂತೆ.

ಅವನು ತಿಂದು ಮುಗಿಸಿದಾಗ ಅಭ್ಯಾಸಬಲದಿಂದ ಕನ್ನಡದಲ್ಲೇ ಕೇಳಿಬಿಟ್ಟೆ, "ತೃಪ್ತಿ ಆಯ್ತಾ?" ಹಿರಿಯರ ಹೆಸರಿನಲ್ಲಿ ಊಟ ಮಾಡಿದವರನ್ನು ಹಾಗೆ ಕೇಳುವುದು ನಮ್ಮ ಪದ್ಧತಿ. ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು.

ಅವನು ಫೋಟೋ ಕಡೆ ನೋಡಿದ. "ಮಾಮ್‌ಗೆ ಆಗಿದೆ. ನನಗೆ ಇನ್ನೊಂದು ಬೇಕು."

ಕೊಟ್ಟೆ. ನಾನು ನಮ್ಮವರು ತಂದ ಪ್ರಸಾದದ ಪುಳಿಯೋಗರೆ ತಿಂದು ಮಲಗಿದೆ. ಮರುದಿನ ಬೆಳಗ್ಗೆ ಎದ್ದಾಗಿನಿಂದ ಒಂದೇ ಯೋಚನೆ.

ನನ್ನ ಅಮ್ಮನ ತಿಥಿಯನ್ನು ಮೈಸೂರಿನಲ್ಲಿ ಅಣ್ಣ ಮಾಡುತ್ತಾನೆ, ಅತ್ತಿಗೆ ಬಡಿಸುತ್ತಾರೆ. ನನಗೆ ಬರುವುದು ವಾಟ್ಸಾಪ್‌ನಲ್ಲಿ ಎಲೆಯ ಫೋಟೋ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ, ಹಾಗೆ.

ಮದುವೆಯಲ್ಲಿ ಒಂದು, ಆಸ್ಪತ್ರೆಯಲ್ಲಿ ಒಂದು, ಎರಡೇ ಸಲ ಕಂಡ ಬೀಗಿತ್ತಿಗೆ ಮೊದಲ ತಟ್ಟೆ ಇಟ್ಟ ಈ ಕೈ ಹೆತ್ತವಳಿಗೆ ಒಂದು ತುತ್ತೂ ಇಟ್ಟಿಲ್ಲ.

ಬರುವ ತಿಂಗಳು ಅಮ್ಮನ ತಿಥಿ. ತಿಳಿದವರು ಹೇಳಿ... ಲಿವೋನಿಯಾದಲ್ಲಿ ನಾನೂ ಒಂದು ಎಲೆ ಹಾಕಿದರೆ, ಅಮ್ಮ ಬರುತ್ತಾಳಾ?