ಭಾವನ ಪ್ರೊಸೆಸರ್ ಪಂದ್ಯ

ಕಂಪ್ಯೂಟರ್ ಅಂಗಡಿ ಇಟ್ಟಿರುವ ನಮ್ಮ ಭಾವ ಮಾರಲು ತಂದ ಯಾವ ಹೊಸ ಫೋನಿಗೂ ಅಗ್ನಿಪರೀಕ್ಷೆ ತಪ್ಪಿದ್ದಲ್ಲ. ಮೇಜಿನ ಮೇಲಿನ ಡೆಸ್ಕ್‌ಟಾಪಿಗೂ ಅಂಗೈಯಗಲದ ಫೋನಿಗೂ ಒಂದೇ ಕೆಲಸ ಕೊಟ್ಟು, ಯಾವುದರ ಪ್ರೊಸೆಸರ್ ಮೊದಲು ಮುಗಿಸೀತೆಂದು ಉಸಿರು ಬಿಗಿಹಿಡಿದು ಕಾಯುತ್ತಾರೆ. ಅವಸರದಲ್ಲಿ ಬಂದ ಗಿರಾಕಿಯೂ ಪಂದ್ಯ ಮುಗಿಯುವವರೆಗೆ ಕೂರಲೇಬೇಕು. ಐದು ನಿಮಿಷಕ್ಕೇ ಫೋನ್ ಬಿಸಿಯಾಗಿ ನಿಧಾನವಾದರೆ ಭಾವನಿಗೆ ಹಿಗ್ಗೋ ಹಿಗ್ಗು: "ನೋಡ್ರೀ, ಪುಟಾಣಿಗೆ ಸುಸ್ತಾಯ್ತು! ನಮ್ಮ ದೊಡ್ಡಣ್ಣನಿಗೆ ಹೊಟ್ಟೆಯೊಳಗೇ ಫ್ಯಾನ್ ಇದೆ, ಅವನು ಬೆವರೋದೇ ಇಲ್ಲ." ಇಷ್ಟು ಹಂಗಿಸಿದರೂ ಪ್ರತಿ ಹೊಸ ಫೋನನ್ನೂ ಒಂದು ಸಂಜೆ ಮನೆಗೆ ತರುತ್ತಾರೆ. ಅಕ್ಕನಿಗೆ ಕಿವಿ ಕೇಳದು. ನಮ್ಮ ಮಾತನ್ನು ಫೋನ್ ಅಕ್ಷರ ಮಾಡಿ ತೋರಿಸಿದ ಮೇಲೆ ಓದಿಕೊಳ್ಳುತ್ತಾಳೆ. ಅಷ್ಟರಲ್ಲಿ ನಾವೆಲ್ಲ ನಕ್ಕು ಮುಗಿಸಿರುತ್ತೇವೆ, ಅವಳದು ಯಾವಾಗಲೂ ಒಂಟಿ ನಗು. ಮೊನ್ನೆ ತಂದ ಫೋನನ್ನು ಅವಳ ಕೈಗಿಟ್ಟು ಭಾವ ಯಾವುದೋ ಗಿರಾಕಿಯ ಪೇಚಾಟ ಹೇಳತೊಡಗಿದರು. ಮಾತು ಬಾಯಿಂದ ಹೊರಬಿದ್ದಂತೆಲ್ಲ ಅಕ್ಷರ ಮೂಡಿತು. ಕೊನೆಗೆ ನಾವು ನಕ್ಕಾಗ ನಮ್ಮ ಜೊತೆಗೇ ಅಕ್ಕನೂ ನಕ್ಕಳು. ಭಾವ ಅವಳನ್ನೇ ನೋಡುತ್ತ ನಿಂತುಬಿಟ್ಟರು. "ಯಾಕ್ರೀ ಹಾಗೆ ನೋಡ್ತೀರಾ?" ಅಂದಳು ಅಕ್ಕ, "ಇನ್ನೊಂದು ಹೇಳಿ."